ದೂರ ಎಸೆದವನಿಗೇ ಮೀನು ಎಂದವರು ಯಾರು?

ಮಂಗಳೂರಿನ ಬಂದರ್ ಬದಿಯಲ್ಲಿ ನನ್ನದೊಂದು ಗಾಳ–ಬಲೆ ಸಾಮಾನಿನ ಅಂಗಡಿ. ಅಪ್ಪ ನಡೆಸುತ್ತಿದ್ದಾಗ ಬಲೆಯ ನೂಲು, ಸೀಸ, ಬೆಂಡು, ಹಗ್ಗ ಇಷ್ಟೇ ಮಾರುತ್ತಿದ್ದದ್ದು. ಈಗ ಒಂದು ಗೋಡೆಯಿಡೀ ರಾಡು, ಗಾಜಿನ ಕಪಾಟಿನಲ್ಲಿ ರೀಲು. ವ್ಯಾಪಾರ ಉಂಟು, ದೂರುವುದಕ್ಕೇನಿಲ್ಲ. ಆದರೆ ಒಳಗೆ ಕಾಲಿಟ್ಟ ಹುಡುಗರು ಬಹುತೇಕ ಕೇಳುವ ಮೊದಲ ಪ್ರಶ್ನೆ ಒಂದೇ: "ಅಣ್ಣ, ಇದು ಎಷ್ಟು ದೂರ ಹೋಗ್ತದೆ?" ಯಾವ ಮೀನಿಗೆ, ಯಾವ ಜಾಗಕ್ಕೆ, ಅಡಿಯಲ್ಲಿ ಮರಳೋ ಕಲ್ಲೋ, ಈ ಮಾತೇ ಇಲ್ಲ. 14 ಅಡಿಯ ರಾಡು ಬೇಕು, 150 ಗ್ರಾಮಿನ ಸೀಸ ಬೇಕು, ಮೊಬೈಲಿನಲ್ಲಿ ನೋಡಿದ ಹಾಗೆ ಬೀಸಬೇಕು. ಅಷ್ಟೇ.

14 ಅಡಿ ರಾಡಿನಲ್ಲಿ ನನಗೆ ಉಳಿಯುವಷ್ಟು ದುಡ್ಡು 9 ಅಡಿಯದರಲ್ಲಿ ಉಳಿಯುವುದಿಲ್ಲ. ಹಾಗಾಗಿ ಮುಂದೆ ಹೇಳುವುದು ವ್ಯಾಪಾರದ ಮಾತಲ್ಲ. ದೂರದ ಈ ಹುಚ್ಚಿನಿಂದ ಮೀನೂ ಸಿಗುತ್ತಿಲ್ಲ, ಕಡಲ ದಂಡೆಯಲ್ಲಿ ನಿಲ್ಲುವ ಬೇರೆಯವರಿಗೆ ನೆಮ್ಮದಿಯೂ ಇಲ್ಲ. ಇದು ಹೀಗೇ ಹೋದರೆ ಒಂದು ದಿನ ಯಾರದ್ದಾದರೂ ತಲೆ ಒಡೆಯುತ್ತದೆ, ಮರುದಿನ ದಂಡೆಯ ಬಾಯಿಗೆ ಸರಪಳಿ ಬೀಳುತ್ತದೆ. ಆಮೇಲೆ ಎರಡು ಕಾಣೆ ಮೀನಿನ ಆಸೆಗೆ ಕೈಗಾಳ ಹಿಡಿದು ಬರುವ ಮುದುಕರಿಗೂ ಪ್ರವೇಶವಿಲ್ಲ.

ಹುಡುಗರು ಮೊಬೈಲಿನಲ್ಲಿ ನೋಡುವುದು ಪೆಂಡುಲಂ ಕಾಸ್ಟಿಂಗ್ ಎಂಬುದನ್ನು. ಬೀಸುವವನು ಕಡಲಿಗೆ ಹೆಚ್ಚುಕಡಿಮೆ ಬೆನ್ನು ಹಾಕಿ ನಿಲ್ಲುತ್ತಾನೆ. ರಾಡಿನ ತುದಿಯಿಂದ ಎರಡು ಎರಡೂವರೆ ಮೀಟರ್ ದಾರ ಇಳಿಬಿಟ್ಟು ಸೀಸವನ್ನು ಒಮ್ಮೆ ಆಚೆ, ಒಮ್ಮೆ ಈಚೆ ತೂಗುತ್ತಾನೆ. ಸೀಸ ಹಿಂದೆ ಮೇಲೇರಿ ನಿಂತ ಹಾಗಾದ ಕ್ಷಣಕ್ಕೆ ಇಡೀ ಮೈಯನ್ನು ತಿರುಚಿ ಎಳೆಯುತ್ತಾನೆ. ರಾಡು ಬಿಲ್ಲಿನಂತೆ ಬಾಗಿ ಬಿಚ್ಚಿಕೊಳ್ಳುತ್ತದೆ. ನೋಡಲು ಚಂದವೇ, ಇಲ್ಲವೆನ್ನುವುದಿಲ್ಲ. ಬ್ರಿಟನ್ನಿನಲ್ಲಿ 1970ರ ದಶಕದಲ್ಲಿ ಇದು ಜನಪ್ರಿಯವಾಯಿತು. ಇಂಗ್ಲೆಂಡಿನ ಪೂರ್ವ ಕರಾವಳಿಗೆ ಚಳಿಗಾಲದಲ್ಲಿ ಬರುವ ಕಾಡ್ ಮೀನಿಗೆ, ಮೈಲುಗಟ್ಟಲೆ ಒಂದು ನರಪಿಳ್ಳೆಯಿಲ್ಲದ ಬೆಣಚುಕಲ್ಲಿನ ದಂಡೆಯಿಂದ ಎಸೆಯುವ ಪದ್ಧತಿ. ಆಮೇಲೆ ಅದೇ ಒಂದು ಸ್ಪರ್ಧೆಯಾಯಿತು. ಸ್ಪರ್ಧೆ ನಡೆಯುವುದು ಕಡಲಲ್ಲಿ ಅಲ್ಲ, ಬಯಲಿನಲ್ಲಿ. ಗಾಳವಿಲ್ಲ, ಎರೆ ಇಲ್ಲ, ಬರೀ ಸೀಸ. ಅಲ್ಲಿ 250 ಮೀಟರ್ ದಾಟಿಸಿದವರಿದ್ದಾರೆ. ಸೀಸ ಬೀಳುವ ಜಾಗಕ್ಕೆ ಗೆರೆ ಎಳೆದು, ಜನರನ್ನೆಲ್ಲ ಹಿಂದೆ ನಿಲ್ಲಿಸಿ ಆಡುವ ಆಟ ಅದು. ಅದನ್ನು ತಂದು ಭಾನುವಾರ ಸಂಜೆ ಚರ್ಮುರಿ ಗಾಡಿ, ಮಕ್ಕಳು, ಸೆಲ್ಫಿ ಜೋಡಿಗಳ ನಡುವೆ ಬ್ರೇಕ್‌ವಾಟರಿನ ಮೇಲೆ ಆಡಿದರೆ ಹೇಗೆ ಮಾರಾಯ್ರೆ? ನಾಲ್ಕು ಮೀಟರಿನ ರಾಡು, ಎರಡೂವರೆ ಮೀಟರಿನ ಇಳಿಬಿಟ್ಟ ದಾರ, ಮೇಲೆ ಕೈಯ ಉದ್ದ. ಸುತ್ತ ಏಳು ಮೀಟರಿನೊಳಗೆ ಇರುವವರೆಲ್ಲ ಸೀಸದ ದಾರಿಯಲ್ಲೇ ಇದ್ದಾರೆ ಎಂದು ಲೆಕ್ಕ.

ಸರಿ, ದೂರ ಹೋಯಿತೆಂದೇ ಇಟ್ಟುಕೊಳ್ಳುವ. ಮೀನು ಎಲ್ಲಿ ಉಂಟು?

ಪಣಂಬೂರು, ತಣ್ಣೀರುಬಾವಿಯಂಥ ಮರಳಿನ ಕಡಲಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ನಿಂತು ಅಲೆ ನೋಡಿ. ಆಚೆ ಒಂದು ಕಡೆ ಅಲೆ ಒಡೆದು ಬೆಳ್ಳಗಾಗುತ್ತದೆ. ಅಲ್ಲಿ ಅಡಿಯಲ್ಲಿ ಮರಳ ದಿಬ್ಬ. ಅಲ್ಲಿಂದ ಈಚೆಗೆ ನೊರೆ ಇಳಿದು ನೀರು ತುಸು ಕಪ್ಪಗೆ, ಸಮಾಧಾನವಾಗಿ ಕಾಣುತ್ತದೆ. ಅದು ಗುಂಡಿ, ದಡಕ್ಕೆ ಸಮನಾಗಿ ಓಣಿಯ ಹಾಗೆ ಹೋಗಿರುತ್ತದೆ. ಅಲ್ಲಿಂದ ಅಲೆ ಮತ್ತೆ ಎದ್ದು ಕಾಲಬುಡದಲ್ಲಿ ಒಡೆಯುತ್ತದೆ. ದಿಬ್ಬದ ಮೇಲೆ ಅಲೆ ಕೆದಕಿದ ಹುಳ, ಸಣ್ಣ ಸಿಗಡಿ, ಏಡಿಮರಿ ಎಲ್ಲ ಬಂದು ಸೇರುವುದು ಈ ಓಣಿಗೆ; ಮೀನು ಮೇಯುವುದೂ ಇಲ್ಲಿಯೇ. ಕಾಣೆಯಂತೂ ದಡದ ಮೀನು. ಬಲೆ ಎಳೆದರೆ ಮರಳೊಳಗೆ ಹುದುಗಿ ತಪ್ಪಿಸಿಕೊಳ್ಳುವ ಜಾತಿ ಅದು, ಮರಳು ಬಿಟ್ಟು ಎಲ್ಲಿಗೆ ಹೋಗುತ್ತದೆ? ಈ ಓಣಿ ನಮ್ಮ ಕಡಲಲ್ಲಿ ಹೆಚ್ಚಿನ ಕಡೆ 30–40 ಮೀಟರಿನೊಳಗೇ ಸಿಗುತ್ತದೆ. 120 ಮೀಟರ್ ಬೀಸುವ ವೀರ ಮೀನಿನ ತಲೆಯ ಮೇಲಿಂದ ಸೀಸ ಹಾರಿಸಿ, ದಿಬ್ಬದಾಚೆಯ ಬರೀ ಮರಳಿನಲ್ಲಿ ಗಾಳ ನೆಟ್ಟು ಕುಳಿತಿರುತ್ತಾನೆ.

ಬೆಂಗ್ರೆಯ ಕಡೆಯಿಂದ ಅಂಗಡಿಗೆ ಬರುವ ಹಿರಿಯರೊಬ್ಬರಿದ್ದಾರೆ. ಬೀಸು ಬಲೆಯಲ್ಲಿ ಅವರ ಕೈ ನೋಡಬೇಕು. ಬಲೆಯ ಒಂದು ಅಂಚು ಹೆಗಲ ಮೇಲೆ, ಒಂದು ಅಂಚು ಕೈಯಲ್ಲಿ, ಮೊಣಕಾಲು ನೀರಿನಲ್ಲಿ. ಹಾಗೆ ನಿಂತರೆ ಅಲುಗಾಡುವುದಿಲ್ಲ. ಬಲೆ ಬೀಸುವುದು ಕೊನೆಗೆ ಒಂದು ಕ್ಷಣದ ಕೆಲಸ, ಉಳಿದದ್ದೆಲ್ಲ ನೀರು ನೋಡುವುದು. ಈಗ ಮೊಣಕಾಲು ನೋವೆಂದು ಕೈಗಾಳಕ್ಕೆ ಇಳಿದಿದ್ದಾರೆ. ದಾರ ಸುತ್ತಿಕೊಳ್ಳಲು ಅವರ ಹತ್ತಿರ ಇರುವುದು ಒಂದು ಖಾಲಿ ಪ್ಲಾಸ್ಟಿಕ್ ಬಾಟಲಿ. ಬಲಗೈಯಲ್ಲಿ ಸೀಸವನ್ನು ಎರಡು ಸುತ್ತು ತಿರುಗಿಸಿ ಬಿಡುತ್ತಾರೆ, ಎಡಗೈಯ ಬಾಟಲಿಯ ಮೂತಿ ಕಡಲ ಕಡೆಗೆ. ದಾರ ಮೂತಿಯಿಂದ ಸುರುಳಿ ಬಿಚ್ಚಿಕೊಂಡು ಹೋಗುತ್ತದೆ, ಬಾಟಲಿ ತಿರುಗುವುದೇ ಇಲ್ಲ. 1905ರಲ್ಲಿ ಆಲ್ಫ್ರೆಡ್ ಇಲಿಂಗ್‌ವರ್ತ್ ಎಂಬ ಇಂಗ್ಲಿಷಿನವರು ಪೇಟೆಂಟ್ ಮಾಡಿಸಿದ ರೀಲಿನ ಗುಟ್ಟೂ ಇಷ್ಟೇ: ಉರುಳೆ ನಿಂತಿರಬೇಕು, ದಾರ ಅದರ ತುಟಿಯ ಮೇಲಿಂದ ಜಾರಿ ಹೋಗಬೇಕು. ನಾನು ಸಾವಿರಾರು ರೂಪಾಯಿಗೆ ಮಾರುವ ಸ್ಪಿನ್ನಿಂಗ್ ರೀಲು ಅದರ ಮೊಮ್ಮಗ. ಅವರ ಬಾಟಲಿಗೆ ಖರ್ಚಿಲ್ಲ. ಅವರು ಎಸೆಯುವುದು ಹೆಚ್ಚೆಂದರೆ 25 ಮೀಟರ್, ಮನೆಗೆ ಹೋಗುವಾಗ ಚೀಲ ಖಾಲಿ ಇರುವುದು ಅಪರೂಪ.

ರಾಡು ಕೊಳ್ಳಬೇಡಿ ಎಂದು ಹೇಳುತ್ತಿಲ್ಲ, ಅಂಗಡಿ ನಡೆಯಬೇಕಲ್ಲ! 9–10 ಅಡಿಯ ರಾಡು, 30ರಿಂದ 80 ಗ್ರಾಮಿನ ಸೀಸ ತಡೆಯುವಂಥದ್ದು, ಜೊತೆಗೆ ತಲೆಯ ಮೇಲಿಂದ ನೇರವಾಗಿ ಬೀಸುವ ಕ್ರಮ. ನಮ್ಮ ಮರಳಿಗೂ ಕಲ್ಲಿನ ದಂಡೆಗೂ ಇಷ್ಟು ಸಾಕು. ಇದನ್ನು ಕಲಿಸುವಾಗ ನಾನು ಮೊದಲು ಹೇಳುವುದು ಬಲಗೈಯ ಸೊಕ್ಕು ಇಳಿಸಿ ಎಂದು. ಎಡಗಾಲು ಕಡಲಿನ ಕಡೆ, ಕಾಲುಗಳ ನಡುವೆ ಹೆಗಲಗಲ ಅಂತರ. ಬಲಗೈ ರೀಲಿನ ಹತ್ತಿರ, ಎಡಗೈ ರಾಡಿನ ಬುಡದಲ್ಲಿ. ದಾರವನ್ನು ತೋರುಬೆರಳಿನ ಮೆತ್ತೆಗೆ ಸಿಕ್ಕಿಸಿ, ಆಮೇಲೆ ರೀಲಿನ ತಂತಿ ಬಾಗಿಲು ತೆರೆಯಬೇಕು. ಸೀಸ ತುದಿಯಿಂದ ಒಂದು, ಒಂದೂವರೆ ಮೀಟರ್ ಇಳಿಬಿದ್ದಿರಲಿ. ತುದಿಗೆ ತಾಗುವಷ್ಟು ಗಿಡ್ಡ ಇದ್ದರೆ ರಾಡು ಬಾಗುವುದೇ ಇಲ್ಲ. ರಾಡನ್ನು ಹಿಂದಕ್ಕೆ ಒಯ್ದು, ಸೀಸ ತೂಗಾಡುವುದು ನಿಂತ ಮೇಲೆ, ಕಣ್ಣು ದಿಗಂತಕ್ಕಿಂತ ಸಾಕಷ್ಟು ಮೇಲೆ ಆಕಾಶದಲ್ಲಿ ನೆಟ್ಟು, ಮೊದಲು ಮೈ ತಿರುಗಬೇಕು, ಕೈ ಆಮೇಲೆ. ಬಲಗೈ ಮೇಲಕ್ಕೆ ಮುಂದಕ್ಕೆ ತಳ್ಳುವಾಗ ಎಡಗೈ ಬುಡವನ್ನು ಎದೆಯ ಕಡೆಗೆ ಗಟ್ಟಿಯಾಗಿ ಎಳೆಯಬೇಕು. ಬೀಸಿನ ಬಲ ಇರುವುದು ಈ ಎಡಗೈಯ ಎಳೆತದಲ್ಲಿ. ಇದನ್ನು ಹೇಳಿದರೆ ಹುಡುಗರು ನಂಬುವುದಿಲ್ಲ, ಬಲಗೈಯಿಂದಲೇ ಕಲ್ಲೆಸೆದ ಹಾಗೆ ಎಸೆಯುತ್ತಾರೆ, ಸಂಜೆಗೆ ಭುಜ ಉಜ್ಜಿಕೊಳ್ಳುತ್ತಾರೆ. ರಾಡಿನ ತುದಿ ತಲೆ ದಾಟಿ ಮುಂದೆ ಬರುವ ಹೊತ್ತಿಗೆ ಬೆರಳು ಬಿಡಬೇಕು. ಬೇಗ ಬಿಟ್ಟರೆ ಸೀಸ ಆಕಾಶಕ್ಕೆ, ತಡವಾದರೆ ಎದುರಿನ ನೀರಿಗೇ ಪಟಾರ್.

ಬಿಟ್ಟ ಮೇಲೂ ಕೆಲಸ ಮುಗಿಯಲಿಲ್ಲ. ಸೀಸ ನೀರಿಗೆ ಬೀಳುವ ಮುಂಚೆ ಉರುಳೆಯ ತುಟಿಗೆ ಬೆರಳು ತಾಗಿಸಿ ದಾರವನ್ನು ಮೆಲ್ಲ ತಡೆಯಬೇಕು. ಆಗ ಗಾಳವೂ ಸೀಸವೂ ಒಂದಕ್ಕೊಂದು ಸುತ್ತಿಕೊಳ್ಳದೆ ಬೀಳುತ್ತವೆ. ತಂತಿ ಬಾಗಿಲನ್ನು ಹಿಡಿಕೆ ತಿರುಗಿಸಿ ಮುಚ್ಚುವುದಲ್ಲ, ಕೈಯಿಂದಲೇ ಮುಚ್ಚಿ. ರೀಲು ನಾಲ್ಕು ವರ್ಷ ಹೆಚ್ಚು ಬಾಳುತ್ತದೆ.

ಇನ್ನೊಂದು ವಿಷಯವನ್ನು ಹೇಳಿದರೆ ನನಗೇ ನಷ್ಟ, ಆದರೂ ಹೇಳುತ್ತೇನೆ. ದೂರ ಹೋಗುತ್ತಿಲ್ಲ ಎಂದು ಹೊಸ ರಾಡು ಕೊಳ್ಳಲು ಬಂದವರ ರೀಲನ್ನು ಒಮ್ಮೆ ಬಿಚ್ಚಿ ನೋಡುತ್ತೇನೆ. ಹೆಚ್ಚಿನವರದ್ದು ದೊಡ್ಡ ಉರುಳೆ, ಅದರ ಹೊಟ್ಟೆಯಲ್ಲಿ 100 ಮೀಟರ್ ದಾರ. ದಾರ ಉರುಳೆಯ ಆಳದಿಂದ ತುಟಿಯನ್ನು ಉಜ್ಜಿಕೊಂಡು ಮೇಲೆ ಬರಬೇಕು, ಅಲ್ಲಿಯೇ ಅರ್ಧ ಶಕ್ತಿ ಮುಗಿಯುತ್ತದೆ. ಅಡಿಗೆ ಹಳೆಯ ದಾರ ಸುತ್ತಿ, ಅದರ ಮೇಲೆ ಹೊಸದು ತುಂಬಿ, ತುಟಿಗಿಂತ ಒಂದೆರಡು ಮಿಲಿಮೀಟರ್ ಕೆಳಗೆ ನಿಲ್ಲಿಸಿದರೆ ಅದೇ ರಾಡಿನಲ್ಲಿ ಹತ್ತಿಪ್ಪತ್ತು ಮೀಟರ್ ಹೆಚ್ಚು ಹೋಗುತ್ತದೆ. ಹೊತ್ತೂ ನೋಡಬೇಕು. ಬೆಳಿಗ್ಗೆ ನಮ್ಮಲ್ಲಿ ಗಾಳಿ ನೆಲದಿಂದ ಕಡಲಿಗೆ ಬೀಸುತ್ತದೆ, ಬೆನ್ನು ತಳ್ಳುತ್ತದೆ. ಮಧ್ಯಾಹ್ನದ ಮೇಲೆ ಪಡುಗಾಳಿ ಮುಖಕ್ಕೇ ಹೊಡೆಯುತ್ತದೆ. ಆಗ ರಾಡು ಬದಲಿಸಿ ಫಲವಿಲ್ಲ, ತುಸು ತಗ್ಗಿಸಿ ಬೀಸಬೇಕು, ಇಲ್ಲವೇ ಚಾ ಕುಡಿಯಲು ಹೋಗಬೇಕು. ಎರೆಯ ಮಾತೂ ಉಂಟು. ಸಿಗಡಿ ಮೆತ್ತಗಿನ ಮಾಂಸ. ಗಾಳಕ್ಕೆ ಸುಮ್ಮನೆ ಸಿಕ್ಕಿಸಿ ಪೆಂಡುಲಂ ಹೊಡೆತ ಕೊಟ್ಟರೆ ಅದು ದಾರಿಯಲ್ಲೇ ಹರಿದು ಬೀಳುತ್ತದೆ, ಕಾಗೆಗೋ ಗಿಡುಗಕ್ಕೋ ಲಾಭ. 120 ಮೀಟರ್ ಆಚೆ ಹೋಗಿ ಕುಳಿತದ್ದು ಬರಿಯ ಉಕ್ಕಿನ ಕೊಕ್ಕೆ. ಸಿಗಡಿಗೆ ಸಪೂರ ಇಲಾಸ್ಟಿಕ್ ನೂಲು ನಾಲ್ಕು ಸುತ್ತು ಸುತ್ತಿ, ಮೆತ್ತಗೆ ಬೀಸಿದವನ ಗಾಳದಲ್ಲಿ ಎರೆ ಇರುತ್ತದೆ.

ಈಗ ಜೀವದ ಪ್ರಶ್ನೆಗೆ ಬರುತ್ತೇನೆ. ಬೀಸುವಾಗ ದಾರದ ಮೇಲೆ ಬೀಳುವ ಜಗ್ಗು ಸೀಸದ ತೂಕದ ಎಷ್ಟೋ ಪಟ್ಟು. ರೀಲಿನ ತುಂಬ ಸುತ್ತಿದ ಸಪೂರ ದಾರ ಅದನ್ನು ತಾಳುವುದಿಲ್ಲ. ಅದಕ್ಕಾಗಿ ತುದಿಗೆ ಶಾಕ್ ಲೀಡರ್ ಎಂಬ ದಪ್ಪ ದಾರ ಕಟ್ಟಬೇಕು. ಪಳಗಿದವರು ಪಾಲಿಸುವ ಲೆಕ್ಕ ಸರಳ: ಸೀಸದ ಪ್ರತಿ 10 ಗ್ರಾಮಿಗೆ ಸುಮಾರು 1.6 ಕಿಲೋ ತಾಳುವ ದಾರ. 60 ಗ್ರಾಮಿಗೆ 10 ಕಿಲೋ, 100ಕ್ಕೆ 16, 150ಕ್ಕೆ 24. ಉದ್ದ ಎಷ್ಟೆಂದರೆ, ಸೀಸ ಇಳಿಬಿಟ್ಟು ಹಿಡಿದಾಗಲೂ ಲೀಡರಿನ ಐದಾರು ಸುತ್ತು ಉರುಳೆಯ ಮೇಲೆ ಉಳಿಯಬೇಕು. ಇದಕ್ಕೆ ತಗಲುವ ಖರ್ಚು ಒಂದು ಪ್ಲೇಟ್ ಗೋಳಿಬಜೆಗಿಂತ ಹೆಚ್ಚಿಲ್ಲ. ಹತ್ತು ಸಾವಿರದ ರಾಡು ಕೊಂಡವನು ಇದನ್ನು ಮಾತ್ರ "ಮತ್ತೆ ನೋಡುವ" ಎಂದು ಬಿಟ್ಟು ಹೋಗುತ್ತಾನೆ. ಹೆಣೆದ ದಾರ, ಬ್ರೇಡ್ ಎನ್ನುತ್ತಾರಲ್ಲ, ಅದನ್ನು ಲೀಡರಿಲ್ಲದೆ ಬರಿಬೆರಳಿನಲ್ಲಿ ಹಿಡಿದು ಬೀಸಿದರೆ ಬೆರಳನ್ನೇ ಕೊಯ್ಯುತ್ತದೆ. ಅಂಥ ಬೆರಳುಗಳು ಬ್ಯಾಂಡೇಜು ಸುತ್ತಿಕೊಂಡು ನನ್ನ ಕೌಂಟರಿನ ಮೇಲೆ ಬಂದು ಕುಳಿತದ್ದುಂಟು.

ಬೆರಳಾದರೂ ಅವನದ್ದೇ. ದಾರ ತುಂಡಾದಾಗ ಸೀಸ ಹೋಗುವುದು ಯಾರ ಕಡೆಗೆಂದು ಹೇಳಲಿಕ್ಕಾಗುವುದಿಲ್ಲ. ನೇರ ಬೀಸಿನಲ್ಲಿ ತುಂಡಾದರೆ ಹೆಚ್ಚಾಗಿ ಮುಂದೆ, ನೀರಿಗೆ ಹೋಗುತ್ತದೆ. ಪೆಂಡುಲಂ ತಿರುಗಿನಲ್ಲಿ ತುಂಡಾದರೆ ಬದಿಗೂ ಹೋಗಬಹುದು, ಹಿಂದಕ್ಕೂ ಹೋಗಬಹುದು. ನನ್ನ ಮಗಳು ಪಿಯುಸಿಯ ಭೌತಶಾಸ್ತ್ರದಿಂದ ಲೆಕ್ಕ ಮಾಡಿ ಕೊಟ್ಟಳು: ಗಾಳಿಯ ತಡೆಯೇ ಇಲ್ಲವೆಂದುಕೊಂಡರೂ ಒಂದು ಸೀಸ 100 ಮೀಟರ್ ಆಚೆ ಬೀಳಬೇಕಾದರೆ ಹೊರಡುವಾಗ ಗಂಟೆಗೆ 113 ಕಿ.ಮೀ. ವೇಗ ಬೇಕು, 200 ಮೀಟರಿಗೆ 159. ಗಾಳಿಯ ತಡೆ ಸೇರಿಸಿದರೆ ಇನ್ನೂ ಹೆಚ್ಚು. ಒಳ್ಳೆಯ ವೇಗದ ಬೌಲರಿನ ಚೆಂಡು, ಅದೂ ಸೀಸದ್ದು, ಹೆಲ್ಮೆಟ್ಟಿಲ್ಲದವರ ನಡುವೆ. ದಂಡೆಯ ಬದಿ ನಿಲ್ಲಿಸಿದ್ದ ಕಾರೊಂದರ ಹಿಂದಿನ ಗಾಜು ಹೀಗೆ ಪುಡಿಯಾದದ್ದನ್ನು ನಾನೇ ಕಂಡಿದ್ದೇನೆ. ಕಾರಿನೊಳಗೆ ಯಾರೂ ಇರಲಿಲ್ಲ. ಬೀಸಿದ ಹುಡುಗ ಒಂದು ಕ್ಷಣ ಕಡಲನ್ನೇ ನೋಡುತ್ತಿದ್ದ, ಸೀಸ ಎಷ್ಟು ದೂರ ಹೋಯಿತೆಂದು.

ನೇತ್ರಾವತಿ, ಗುರುಪುರ ಹೊಳೆಗಳು ಕೂಡಿ ಕಡಲು ಸೇರುವ ನಮ್ಮ ಅಳಿವೆಯಲ್ಲಿ ಇನ್ನೊಂದು ತಕರಾರು ಉಂಟು. ಎರಡು ಬದಿಯಲ್ಲೂ ಕಲ್ಲಿನ ಬ್ರೇಕ್‌ವಾಟರ್, ನಡುವೆ ದೋಣಿಗಳ ದಾರಿ. ಮೊದಲೆಲ್ಲ ದಂಡೆಯ ಗಾಳ ಕಲ್ಲಿನ ಬುಡದಲ್ಲೇ ಬೀಳುತ್ತಿತ್ತು, ಯಾರಿಗೂ ಉಪದ್ರ ಇರಲಿಲ್ಲ. ಈಗಿನ ದೂರದ ಬೀಸು ನೇರವಾಗಿ ದೋಣಿಯ ದಾರಿಗೆ ಬೀಳುತ್ತದೆ. ರಾತ್ರಿಯಿಡೀ ಕಡಲಿನಲ್ಲಿದ್ದು ದಕ್ಕೆಗೆ ಮರಳುವವನ ಪ್ರೊಪೆಲ್ಲರಿಗೆ ಹೆಣೆದ ದಾರ ಸುತ್ತಿಕೊಂಡರೆ, ಅದೂ ಅಳಿವೆಯ ಬಾಯಿಯ ಅಲೆಯಲ್ಲಿ, ಏನಾಗುತ್ತದೆ ಎಂದು ಈ ಊರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹವ್ಯಾಸಕ್ಕೆ ಬಂದವನು ಹೊಟ್ಟೆಪಾಡಿನವನಿಗೆ ದಾರಿ ಬಿಡಬೇಕು, ಇದರಲ್ಲಿ ಚರ್ಚೆಗೆ ಏನೂ ಇಲ್ಲ. ತಮಾಷೆಯೆಂದರೆ ದಂಡೆಯ ಕಲ್ಲುಗಳ ಸಂದಿಯಲ್ಲೇ ಮುರು ಮೀನು, ಕೆಂಬೇರಿ ಮನೆ ಮಾಡಿಕೊಂಡಿರುವುದು. ಕಾಲಡಿಯ ಮನೆ ಬಿಟ್ಟು ಇವರು ಹೆದ್ದಾರಿಗೆ ಗಾಳ ಹಾಕುತ್ತಾರೆ.

ಜೆಟ್ಟಿಯಲ್ಲೂ ಅಷ್ಟೇ. ಕಂಬಗಳಿಗೆ ಅಂಟಿದ ಚಿಪ್ಪು, ಅದರ ನಡುವಿನ ಏಡಿ, ಸಿಗಡಿ, ನೆರಳು, ಇದಕ್ಕೆಲ್ಲ ಮೀನು ಬರುತ್ತದೆ. ಅಲ್ಲಿ ಬೀಸುವ ಅಗತ್ಯವೇ ಇಲ್ಲ. ಕಂಬದ ಬದಿಗೆ ನೇರ ಇಳಿಬಿಡಿ, ಹೆಚ್ಚೆಂದರೆ ಕೆಳಗಿನಿಂದ ಮೆಲ್ಲ ತೂಗಿ ಬಿಡಿ. ಅಮೆರಿಕದ ಹಲವು ಮೀನು ಹಿಡಿಯುವ ಜೆಟ್ಟಿಗಳಲ್ಲಿ ತಲೆಯ ಮೇಲಿಂದ ಬೀಸುವುದಕ್ಕೇ ನಿಷೇಧ ಉಂಟು, ಗಾಳ ಹಾಕುವುದಕ್ಕೆ ಇಲ್ಲ. ಈ ವ್ಯತ್ಯಾಸ ನಮ್ಮ ಅಧಿಕಾರಿಗಳ ತಲೆಗೆ ಹೋಗಬೇಕಾದದ್ದು. ನಮ್ಮಲ್ಲಿ ಇರುವುದು ಎರಡೇ ಸ್ಥಿತಿ: ಏನು ಬೇಕಾದರೂ ಮಾಡಿ, ಇಲ್ಲವೇ ಯಾರೂ ಬರಬೇಡಿ.

ಮಳೆಗಾಲದ ಮಾತು ಬೇರೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ, ಮಾರುಕಟ್ಟೆಯಲ್ಲಿ ಮೀನಿಗೆ ಬೆಂಕಿ ಬೆಲೆ, ಆಗಲೇ ಗಾಳದವರ ಉತ್ಸಾಹ ಏರುವುದು. ಆ ದಿನಗಳಲ್ಲಿ ದಂಡೆಯ ತುದಿಗೆ, ಸೋಮೇಶ್ವರದ ರುದ್ರಪಾದೆಯಂಥ ಬಂಡೆಗೆ ಹೋಗುವುದನ್ನು ಪೂರ್ತಿ ನಿಲ್ಲಿಸಿದರೆ ನನ್ನ ಆಕ್ಷೇಪ ಇಲ್ಲ. ಪಾಚಿ ಹಿಡಿದ ಕಲ್ಲು, ಬೆನ್ನು ಹಾಕಿ ನಿಂತವನ ಹಿಂದೆ ಏಳುವ ಅಲೆ. ಅಲ್ಲಿ ಎಷ್ಟು ಮನೆಗಳ ದೀಪ ಆರಿದೆ ಎಂದು ಪತ್ರಿಕೆ ಓದುವವರಿಗೆ ಗೊತ್ತು. ಕೆಂಪು ಬಾವುಟ ಕಂಡರೆ ವಾಪಸು ಬರಬೇಕು. ಆ ಎರಡು ತಿಂಗಳು ನನ್ನ ಅಂಗಡಿಗೆ ಬಾಗಿಲು ಹಾಕಿದರೂ ಸರಿ.

ಆದರೆ ಸೆಪ್ಟೆಂಬರಿನಿಂದ ಮೇ ತನಕ ಕಡಲು ಎಲ್ಲರದ್ದು. ದಂಡೆಯ ಹೊಣೆ ಹೊತ್ತವರು ಮಾಡಬೇಕಾದದ್ದು ದೊಡ್ಡ ಯೋಜನೆಯೇನಲ್ಲ. ಗಾಳ ಹಾಕುವವರಿಗೆ ಒಂದಿಷ್ಟು ಉದ್ದದ ಜಾಗ ಗುರುತಿಸಿ, ಹಿಂದೆ ಒಂದು ಗೆರೆ ಎಳೆಯಿರಿ, ನೋಡುವವರು ಗೆರೆಯ ಹಿಂದೆ. ನೇರ ಬೀಸು ಮಾತ್ರ, ತೂಗುವ ಬೀಸು ಇಲ್ಲ. ಲೀಡರಿಲ್ಲದ ರಾಡಿಗೆ ಜಾಗ ಇಲ್ಲ. ದೋಣಿಯ ದಾರಿಯ ಕಡೆಗೆ ಗಾಳ ಇಲ್ಲ. ಪೆಂಡುಲಂ ಕಲಿಯುವ ಆಸೆ ಇದ್ದವರಿಗೆ ಬೆಳಿಗ್ಗೆ ಆರು ಗಂಟೆಗೆ ಯಾವುದಾದರೂ ಖಾಲಿ ಬಯಲು ಕೊಡಿ, ಗಾಳ ಕಟ್ಟದ ಸೀಸದಲ್ಲಿ ಬೀಸಿ ತೃಪ್ತಿಪಟ್ಟುಕೊಳ್ಳಲಿ. ಅದೂ ಒಂದು ಆಟವೇ, ಯಾರೂ ಕೀಳಾಗಿ ನೋಡಬೇಕಿಲ್ಲ. ಕಲ್ಲಿಗೆ ಸಿಕ್ಕಿ ತುಂಡಾದ ದಾರವನ್ನು ಅಲ್ಲೇ ಬಿಸಾಡಿ ಹೋಗುವವರಿಗೆ ದಂಡ ಹಾಕಿ. ನಮ್ಮ ದಡಕ್ಕೆ ಮೊಟ್ಟೆಯಿಡಲು ಬರುವ ಕಡಲಾಮೆಗೆ ಅದು ಉರುಳು.

ಗೆರೆ ಎಳೆಯಲು ಅನುದಾನ ಇಲ್ಲ, ಟೆಂಡರ್ ಆಗಬೇಕು ಎಂದು ಹೇಳಿಬಿಟ್ಟರೆ ಅದಕ್ಕೂ ಉತ್ತರ ಉಂಟು. ದೋಣಿಗೆ ಬಳಿಯುವ ಹಳದಿ ಬಣ್ಣದ ಡಬ್ಬಿ ನನ್ನ ಅಂಗಡಿಯ ಅಟ್ಟದಲ್ಲಿ ಇದೆ, ಉಪ್ಪುನೀರಿಗೂ ಬೇಗ ಹೋಗದಂಥದ್ದು. ಕುಂಚವೂ ನನ್ನದೇ. ಬರೆಯಲು ಅನುಮತಿ ಕೊಡಿ, ಸಾಕು.